ಈ ಕಡ್ಡಿ ಯಾವ ಇಂಜಿನ್ನಿನದು?

ಹಳೆಯ ಕಾರಿನಲ್ಲಿ ಎಲ್ಲಕ್ಕಿಂತ ಮೊದಲು ಕಳೆದುಹೋಗುವ ಸಾಮಾನು ಯಾವುದು ಎಂದು ಕೇಳಿದರೆ ಬಹಳ ಜನ ಚಕ್ರದ ಕಪ್ಪು ಎನ್ನುತ್ತಾರೆ, ಕೆಲವರು ಜಾಕು, ಪಾನಾ ಎನ್ನುತ್ತಾರೆ. ನಾನು ಆಯಿಲ್ ಕಡ್ಡಿ ಎನ್ನುತ್ತೇನೆ. ಬಾನೆಟ್ ಎತ್ತಿ, ಎಳೆದು, ಅರಿವೆಯಿಂದ ಒರೆಸಿ, ಮತ್ತೆ ಇಳಿಸಿ, ಮತ್ತೆ ಎಳೆದು ನೋಡುವ ಆ ಉಕ್ಕಿನ ಪಟ್ಟಿ. ಪೆಟ್ರೋಲ್ ಬಂಕಿನಲ್ಲೋ, ಮದುವೆ ದಿಬ್ಬಣ ಹೊರಡುವ ಗದ್ದಲದಲ್ಲೋ ಅದನ್ನು ಬ್ಯಾಟರಿ ಮೇಲಿಟ್ಟು ಮರೆತು ಬಾನೆಟ್ ಹಾಕಿಬಿಟ್ಟರೆ ಮುಗಿಯಿತು, ಮುಂದಿನ ರಸ್ತೆಯುಬ್ಬಿನಲ್ಲಿ ಅದು ಹಾದಿಪಾಲು. ಗಾಡಿಯೇನೂ ನಿಲ್ಲುವುದಿಲ್ಲ. ಕಡ್ಡಿ ಹೋದದ್ದು ಮಾಲೀಕನಿಗೆ ತಿಳಿಯುವುದೇ ಇನ್ನೊಮ್ಮೆ ಆಯಿಲ್ ನೋಡುವಾಗ. ಆಗ ಗುಜರಿ ಅಂಗಡಿಯಿಂದ ತೂತಿಗೆ ಹಿಡಿಸುವ ಮತ್ತೊಂದು ಕಡ್ಡಿ ಬರುತ್ತದೆ. ಒಳಗೆ ಇಳಿಯಿತಲ್ಲ, ಸಾಕು. ಗಾಡಿ ಕೈಯಿಂದ ಕೈಗೆ ಹೋಗುತ್ತದೆ, ಹೊಸ ಮಾಲೀಕ ಆ ಪರರ ಕಡ್ಡಿಯನ್ನೇ ತನ್ನದೆಂದು ನಂಬುತ್ತಾನೆ.

ಹಿರೇವಡ್ಡಟ್ಟಿಯ ನಮ್ಮ ಸೋದರಮಾವನ ಅಂಬಾಸಿಡರ್‌ಗೆ ಆದದ್ದು ಇದೇ. ಮುಂಡರಗಿ ತಾಲೂಕಿನ ಆ ಊರಲ್ಲಿ ಈಗ ಮನೆಗೊಂದು ಟ್ರ್ಯಾಕ್ಟರ್, ಓಣಿಗೆ ನಾಲ್ಕು ಹೊಸ ಕಾರು ಇವೆ. ಆದರೂ ಮಾವ ತನ್ನ ಮಾರ್ಕ್ 3 ಗಾಡಿಯನ್ನು ಮಾರಲು ಒಪ್ಪಿಲ್ಲ. ಉಳ್ಳಾಗಡ್ಡಿ ಮಾರಿ ಬಂದ ರೊಕ್ಕದಲ್ಲಿ ಕೊಂಡದ್ದು, ಅತ್ತಿಯ ಸೀಮಂತಕ್ಕೆ, ಸಿಂಗಟಾಲೂರ ವೀರಭದ್ರನ ದರ್ಶನಕ್ಕೆ, ಅಜ್ಜನ ಕೊನೆಯ ದವಾಖಾನೆ ಪಯಣಕ್ಕೆ ಓಡಿದ್ದು. ಆ ಗಾಡಿಗೆ ಕೆಲವು ವರ್ಷಗಳಿಂದ ಒಂದು ರೋಗ ಅಂಟಿಕೊಂಡಿತ್ತು. "ಆಯಿಲ್ ಕುಡೀತೈತಿ ತಮ್ಮಾ, ತಿಂಗಳಿಗೆ ಒಂದ ಲೀಟರ್ ಬೇಕು" ಎನ್ನುತ್ತಿದ್ದ ಮಾವ. ಹಿಂದೆ ನೀಲಿ ಹೊಗೆ, ನಿಲ್ಲಿಸಿದ ಕಡೆಯೆಲ್ಲ ಕ್ಲಚ್ಚಿನ ಕೆಳಗೆ ಕಪ್ಪು ಕಲೆ. ಪೇಟೆಯ ಒಂದು ಗ್ಯಾರೇಜಿನವರು ನೋಡಿ, ರಿಂಗು ಹೋಗಿವೆ, ಇಂಜಿನ್ ಇಳಿಸಿ ಬೋರ್ ಮಾಡಿಸಬೇಕು, ಹೊಸ ಪಿಸ್ಟನ್ ಹಾಕಬೇಕು ಎಂದು ದೊಡ್ಡ ಚೀಟಿ ಬರೆದುಕೊಟ್ಟಿದ್ದರು. ಮಾವ ಆ ಚೀಟಿಯನ್ನು ಮಡಚಿ ಪಂಚಾಂಗದ ನಡುವೆ ಇಟ್ಟಿದ್ದ.

ನಾನು ಬಾನೆಟ್ ಎತ್ತಿದಾಗ ಕಣ್ಣಿಗೆ ಬಿದ್ದದ್ದು ಆಯಿಲ್ ಕಡ್ಡಿಯ ಹಳದಿ ಪ್ಲಾಸ್ಟಿಕ್ ಹಿಡಿಕೆ. ಆ ಕಾಲದ, ಆ ಜಾತಿಯ ಇಂಜಿನ್ನಿಗೆ ಹಳದಿ ಪ್ಲಾಸ್ಟಿಕ್ ಸಲ್ಲದು. ಅಲ್ಲಿ ಇರಬೇಕಾದದ್ದು ಬಾಗಿಸಿದ ತಂತಿಯ ಕುಣಿಕೆ. ರೋಗದ ಮೂಲ ಇಲ್ಲೇ ಇರಬಹುದು ಎಂಬ ಅನುಮಾನ ನನಗೆ ಅಲ್ಲಿಯೇ ಹುಟ್ಟಿತು.

ಕಡ್ಡಿಯ ಮೇಲಿನ ಗೆರೆಗಳಿಗೆ ತಮ್ಮಷ್ಟಕ್ಕೆ ಯಾವ ಬೆಲೆಯೂ ಇಲ್ಲ. ಕಡ್ಡಿಯ ಕುತ್ತಿಗೆಯಲ್ಲಿ ಒಂದು ತಡೆ ಇರುತ್ತದೆ, ಬಳೆಯೋ ಬಿಲ್ಲೆಯೋ, ನಳಿಗೆಯ ಬಾಯಿಯ ಮೇಲೆ ಕೂಡುವ ಭಾಗ. ಅಲ್ಲಿಂದ ಗೆರೆಯವರೆಗಿನ ಉದ್ದವೇ ಅಳತೆ, ತುದಿಯಿಂದ ಗೆರೆಯವರೆಗಿನದಲ್ಲ. ಹಳೆಯ ಸಾಮಾನಿನ ಅಂಗಡಿಯಲ್ಲಿ ಎರಡು ಕಡ್ಡಿಗಳನ್ನು ತುದಿಗೆ ತುದಿ ಹೊಂದಿಸಿ "ಎರಡೂ ಒಂದೇ ಅದಾವ್ರಿ" ಎನ್ನುವವರನ್ನು ನಾನು ಬಹಳ ನೋಡಿದ್ದೇನೆ. ಹೊಂದಿಸಬೇಕಾದದ್ದು ಕುತ್ತಿಗೆಗೆ ಕುತ್ತಿಗೆ. ಅಷ್ಟಾದರೂ ಸಾಲದು. ಕಡ್ಡಿ ಇಳಿಯುವ ನಳಿಗೆ ಬ್ಲಾಕಿನಲ್ಲಿ ಎಷ್ಟು ಆಳ ಕೂತಿದೆ, ಎಷ್ಟು ಓರೆಯಾಗಿದೆ, ಎಣ್ಣೆ ನಿಲ್ಲುವ ಕೆಳಗಿನ ಚೇಂಬರಿನ ಗುಂಡಿ ಮುಂದಿದೆಯೋ ಹಿಂದಿದೆಯೋ, ಇಂಜಿನ್ ಚಾಸಿಯ ಮೇಲೆ ಎಷ್ಟು ಹಿಂದಕ್ಕೆ ವಾಲಿ ಕೂತಿದೆ, ಇವೆಲ್ಲ ಸೇರಿ ಆ ಗೆರೆಯ ಜಾಗ ನಿರ್ಧಾರವಾಗುತ್ತದೆ. ಹಿಂದೆ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮ ಇರಲಿಲ್ಲ. ಪರ ಊರಿನ ಸೇರಿನಲ್ಲಿ ಜೋಳ ಅಳೆದರೆ ಲೆಕ್ಕ ತಪ್ಪುತ್ತಿತ್ತು. ಪರ ಇಂಜಿನ್ನಿನ ಕಡ್ಡಿಯದೂ ಅದೇ ಕತೆ.

ಅಂಬಾಸಿಡರ್‌ನ ವಿಷಯದಲ್ಲಿ ಈ ಗೊಂದಲ ಹೆಚ್ಚಾಗಲು ಅದರ ಇತಿಹಾಸವೇ ಕಾರಣ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಗಾಡಿಯ ಅಚ್ಚುಗಳನ್ನು ತಂದು ಹಿಂದುಸ್ತಾನ್ ಮೋಟರ್ಸ್‌ನವರು ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಗೆ ಇದನ್ನು ಕಟ್ಟಲು ತೊಡಗಿದರು, 2014ರಲ್ಲಿ ನಿಲ್ಲಿಸಿದರು. ಅರ್ಧ ಶತಮಾನ ದಾಟಿದರೂ ಹೊರಮೈ ಹೆಚ್ಚು ಬದಲಾಗಲಿಲ್ಲ. ಆದರೆ ಬಾನೆಟ್ಟಿನ ಕೆಳಗೆ ಎಷ್ಟೊಂದು ಬದಲಾಯಿತು! ಶುರುವಿಗೆ ಪಕ್ಕದಲ್ಲಿ ವಾಲ್ವ್ ಇದ್ದ ಹಳೆಯ ಇಂಜಿನ್, ಅದಾದ ಸ್ವಲ್ಪ ದಿನಕ್ಕೇ ತಲೆಯ ಮೇಲೆ ವಾಲ್ವ್ ಇರುವ 1489 ಸಿಸಿಯ ಬಿ-ಸೀರೀಸ್. ಬಹುಕಾಲ ಓಡಿದ್ದು ಇದೇ. ಮುಂದೆ ಅದೇ ಮನೆತನದ, ಅಷ್ಟೇ ಸಿಸಿಯ ಡೀಸೆಲ್. 1990ರ ದಶಕದಲ್ಲಿ ಜಪಾನಿನ ಇಸುಜು ಪೆಟ್ರೋಲ್, ಆಮೇಲೆ ಇಸುಜು ಡೀಸೆಲ್. ಇದು ಕಂಪನಿಯ ಲೆಕ್ಕ. ನಮ್ಮ ಕಡೆಯ ಲೆಕ್ಕ ಇನ್ನೂ ದೊಡ್ಡದು. ಪೆಟ್ರೋಲ್ ತುಟ್ಟಿಯಾದ ಕಾಲದಲ್ಲಿ ಮ್ಯಾಟಡಾರ್ ವ್ಯಾನಿನ ಡೀಸೆಲ್ ಇಂಜಿನ್ ಇಳಿಸಿದವರಿದ್ದಾರೆ, ಅಪಘಾತವಾದ ಗಾಡಿಯಿಂದ ಇಸುಜು ತಂದು ಕೂಡಿಸಿದವರಿದ್ದಾರೆ. ಹೊರಗಿನಿಂದ ಎಲ್ಲವೂ ಒಂದೇ ಅಂಬಾಸಿಡರ್. ಗುಜರಿಯವನಿಗೆ "ಅಂಬಾಸಿಡರ್ ಕಡ್ಡಿ ಕೊಡಪಾ" ಎಂದರೆ ಅವನು ಕೊಡುವುದು ಯಾವ ಇಂಜಿನ್ನಿನದೂ ಆಗಿರಬಹುದು.

ಬಿ-ಸೀರೀಸ್ ಎಂಬ ಆ ಮನೆತನವೇ ಬಲು ದೊಡ್ಡದು. ಆಸ್ಟಿನ್ ಮತ್ತು ಮಾರಿಸ್ ಕಂಪನಿಗಳು 1952ರಲ್ಲಿ ಒಂದಾಗಿ ಬ್ರಿಟಿಷ್ ಮೋಟರ್ ಕಾರ್ಪೊರೇಶನ್ ಆದ ಮೇಲೆ ಈ ಇಂಜಿನ್ ಅವರ ಸಂಸಾರದ ಕಾರುಗಳಿಗೂ ಹೋಯಿತು, ವ್ಯಾನುಗಳಿಗೂ ಹೋಯಿತು, ಎಂಜಿಎ, ಎಂಜಿಬಿ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಿಗೂ ಹೋಯಿತು. ಬ್ಲಾಕಿನ ರೂಪ ಒಂದೇ ಬಗೆಯದು, ಚೇಂಬರ್ ಮಾತ್ರ ಗಾಡಿಗೊಂದು ತರಹ. ವಿದೇಶದಿಂದ ಎಂಜಿಬಿಯ ಹೊಸ ಕಡ್ಡಿ ತರಿಸಿ ಅಂಬಾಸಿಡರ್‌ಗೆ ಹಾಕಿದರೆ ಅದು ಸಲೀಸಾಗಿ ಇಳಿಯಬಹುದು. ಇಳಿದ ಮಾತ್ರಕ್ಕೆ ಅದು ಸತ್ಯ ಹೇಳುತ್ತದೆ ಎಂದಲ್ಲ.

ಇನ್ನು ಮಾವನ ಗಾಡಿಯ ರೋಗ. ಈ ಹಳೆಯ ಮೂರು ಬೇರಿಂಗಿನ ಬಿ-ಸೀರೀಸ್‌ಗೆ ಹಿಂಭಾಗದಲ್ಲಿ ಈಗಿನ ಗಾಡಿಗಳಂತೆ ರಬ್ಬರ್ ಸೀಲ್ ಇಲ್ಲ. ಕ್ರ್ಯಾಂಕಿನ ಹಿಂತುದಿಯಲ್ಲಿ ಸುರುಳಿ ಗೆರೆ ಕೊರೆದಿರುತ್ತಾರೆ. ಕ್ರ್ಯಾಂಕ್ ತಿರುಗುವಾಗ ಆ ಸುರುಳಿ ಹೊರಬರುವ ಎಣ್ಣೆಯನ್ನು ಒಳಕ್ಕೆ ತಳ್ಳುತ್ತದೆ. ಬಹಳ ಚೆಂದದ ಉಪಾಯ, ಆದರೆ ಎಣ್ಣೆ ತನ್ನ ಮಟ್ಟದಲ್ಲಿ ಇರುವವರೆಗೆ ಮಾತ್ರ. ಮಟ್ಟ ಏರಿದರೆ ತಿರುಗುವ ಕ್ರ್ಯಾಂಕ್ ಎಣ್ಣೆಗೆ ಬಡಿದು ನೊರೆ ಎಬ್ಬಿಸುತ್ತದೆ. ಸುರುಳಿಗೆ ಅಷ್ಟನ್ನು ತಳ್ಳಲು ಆಗದೆ ಎಣ್ಣೆ ಕ್ಲಚ್ ಹೌಸಿಂಗಿಗೆ ದಾಟಿ ಕೆಳಗೆ ತೊಟ್ಟಿಕ್ಕುತ್ತದೆ. ಸಿಲಿಂಡರ್ ಗೋಡೆಗೆ ಹೆಚ್ಚು ಎರಚಿದ್ದು ಸುಟ್ಟು ನೀಲಿ ಹೊಗೆಯಾಗುತ್ತದೆ, ಉಳಿದದ್ದು ಬ್ರೀದರಿನ ಬಾಯಿಂದ ಆವಿಯಾಗಿ ಹೋಗುತ್ತದೆ. ನೊರೆಯೆದ್ದ ಎಣ್ಣೆಯನ್ನು ಪಂಪು ಎಳೆದರೆ ಬೇರಿಂಗಿಗೆ ಹೋಗುವುದು ಅರ್ಧ ಗಾಳಿ. ಹೀಗೆ ಹೆಚ್ಚಿನದೆಲ್ಲ ಹೊರಬಿದ್ದು ಎಣ್ಣೆ ಸರಿಯಾದ ಮಟ್ಟಕ್ಕೆ ಬಂದಾಗ ಇಂಜಿನ್ ಸುಮ್ಮನಾಗುತ್ತದೆ. ಅಷ್ಟರಲ್ಲಿ ಮಾವ ಕಡ್ಡಿ ಎಳೆದು ನೋಡುತ್ತಿದ್ದ. ಪರರ ಕಡ್ಡಿ "ಕಡಿಮೆ" ಎನ್ನುತ್ತಿತ್ತು. ಮತ್ತೆ ಒಂದು ಲೀಟರ್ ಸುರಿಯುತ್ತಿದ್ದ. ಇಂಜಿನ್ ಮತ್ತೆ ಹೊರಹಾಕುತ್ತಿತ್ತು. ಇಂಜಿನ್ ಎಣ್ಣೆ ಕುಡಿಯುತ್ತಿರಲಿಲ್ಲ, ಬೇಡವೆಂದು ಉಗುಳುತ್ತಿತ್ತು.

ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಮಾವ ನಂಬುವವನಲ್ಲ, ನಂಬಬೇಕಾಗಿಯೂ ಇಲ್ಲ. ಮೊದಲು ಗದಗಿನಿಂದ ನನ್ನ ಪರಿಚಯದ ಮಿಸ್ತ್ರಿ ಕಂಪ್ರೆಶನ್ ಗೇಜ್ ತಂದ. ನಾಲ್ಕೂ ಸಿಲಿಂಡರಿನಲ್ಲಿ ಮುಳ್ಳು ಹೆಚ್ಚುಕಡಿಮೆ ಒಂದೇ ಜಾಗಕ್ಕೆ, ಏರಬೇಕಾದಷ್ಟು ಮೇಲಕ್ಕೆ ಏರಿತು. ರಿಂಗು ಹೋದ ಇಂಜಿನ್ ಹೀಗೆ ತೋರಿಸುವುದಿಲ್ಲ. ಮಿಸ್ತ್ರಿ ಗೇಜ್ ಬಿಚ್ಚುತ್ತ, "ಗೌಡ್ರ, ಇಂಜಿನ್ ಗಟ್ಟಿ ಐತ್ರಿ. ಬೋರ್ ಗೀರ್ ಏನೂ ಬ್ಯಾಡ" ಎಂದ. ಮಾವ ಮಾತಾಡಲಿಲ್ಲ. ಅತ್ತಿ ಮಾತ್ರ ಒಳಗಿನಿಂದ "ಹಂಗಂದ್ರ ಆ ಚೀಟಿ?" ಎಂದು ಕೇಳಿದಳು.

ಮರುದಿನ ಕಡ್ಡಿಯ ಕೆಲಸ. ನಾನು ಈ ಕೆಲಸವನ್ನು ಇಷ್ಟು ಪ್ರೀತಿಸಲು ಕಾರಣವೇನೆಂದರೆ, ಇದಕ್ಕೆ ದೊಡ್ಡ ಯಂತ್ರ ಬೇಡ, ದುಬಾರಿ ಸಾಮಾನು ಬೇಡ, ಆದರೆ ಒಂದು ಹೆಜ್ಜೆಯನ್ನೂ ಹಾರಿಸುವಂತಿಲ್ಲ. ಗಾಡಿ ಸಮನೆಲದಲ್ಲಿ ನಿಲ್ಲಬೇಕು. ಮಾವನ ಅಂಗಳ ನೀರು ಹರಿಯಲೆಂದು ಬೀದಿಯ ಕಡೆ ಇಳಿಜಾರಾಗಿದೆ, ಕಣ್ಣಿಗೆ ಮಾತ್ರ ಸಮ ಕಾಣುತ್ತದೆ. ಓಣಿಯ ಗೌಂಡಿಯಿಂದ ರಸಮಟ್ಟ ತಂದು ನೋಡಿ, ಮುಂದಿನ ಚಕ್ರಗಳ ಕೆಳಗೆ ಹಲಗೆ ಕೊಟ್ಟೆವು. ಇಂಜಿನ್ ಬಿಸಿ ಮಾಡಿ, ಚೇಂಬರಿನ ನಟ್ ತೆಗೆದು, ಇದ್ದ ಎಣ್ಣೆಯನ್ನೆಲ್ಲ ಬೋಗುಣಿಗೆ ಇಳಿಸಿದೆವು. ಅದು ಕೊನೆಯ ತೊಟ್ಟು ಬಿಡುವವರೆಗೆ ಕಾಯಬೇಕು, ಅವಸರ ಮಾಡಿದರೆ ಅಳತೆ ಕೆಡುತ್ತದೆ. ಇಳಿದ ಎಣ್ಣೆಯನ್ನು ಲೀಟರಿನ ಮಾಪಿನಲ್ಲಿ ಅಳೆದಾಗ ಐದು ದಾಟಿತು. ಈ ಇಂಜಿನ್ನಿಗೆ ಫಿಲ್ಟರ್ ಸೇರಿ ಬೇಕಾದದ್ದು ನಾಲ್ಕು ಲೀಟರಿನ ಆಸುಪಾಸು. ಮಾವ ಬೋಗುಣಿಯನ್ನೂ ಮಾಪನ್ನೂ ನೋಡಿ, ತಾನೇ ಇನ್ನೊಮ್ಮೆ ಅಳೆದ.

ಮೊದಲು ಕೆಳಗಿನ ಗೆರೆ. ಒಂದು ಲೀಟರ್ ಕಡಿಮೆ ಎಣ್ಣೆ ಹಾಕಿ, ಸ್ವಲ್ಪ ಹೊತ್ತು ಇಂಜಿನ್ ಮೆಲ್ಲಗೆ ಓಡಿಸಿದೆವು. ಹಾಗೆ ಓಡಿಸದಿದ್ದರೆ ಫಿಲ್ಟರ್ ಖಾಲಿ ಉಳಿದು, ಅದರ ಪಾಲಿನ ಎಣ್ಣೆಯೂ ಚೇಂಬರಿನಲ್ಲೇ ಇದ್ದು ಗೆರೆ ಮೇಲಕ್ಕೆ ಬೀಳುತ್ತದೆ. ನಿಲ್ಲಿಸಿ, ಮೇಲೆ ಏರಿದ್ದು ಇಳಿಯಲಿ ಎಂದು ಚಹಾ ಕುಡಿಯುವಷ್ಟು ಹೊತ್ತು ಬಿಟ್ಟೆವು. ಕಡ್ಡಿ ಯಾವುದು? ಹಳೆಯ ಸಾಮಾನಿನ ರಾಶಿಯಲ್ಲಿ ಹುಡುಕಿ ತಂದ, ತಂತಿ ಕುಣಿಕೆಯ, ನಮ್ಮ ನಳಿಗೆಯ ಬಾಯಿಗೆ ಸರಿಯಾಗಿ ಕೂಡುವ ಒಂದು ಪಟ್ಟಿ. ಅದರ ಮೇಲಿನ ಹಳೆಯ ಗುರುತನ್ನು ನಂಬುವ ಹಾಗಿರಲಿಲ್ಲ, ಯಾವ ಗಾಡಿಯಿಂದ ಬಂದದ್ದೋ. ಅದಕ್ಕೇ ಅಳತೆಯಿಂದ ಹೊಸ ಗುರುತು. ಹೊಸ ಎಣ್ಣೆಯ ಬಣ್ಣ ತೀರಾ ತಿಳಿ, ಹೊಳೆಯುವ ಉಕ್ಕಿನ ಮೇಲೆ ಅದರ ಅಂಚು ಕಾಣುವುದಿಲ್ಲ. ಪಟ್ಟಿಗೆ ಸೀಮೆಸುಣ್ಣ ತಿಕ್ಕಿ ಇಳಿಸಿದರೆ ಎಣ್ಣೆ ತಾಗಿದಲ್ಲಿಗೆ ಸುಣ್ಣ ಕಪ್ಪಾಗಿ, ಗೆರೆ ಕತ್ತರಿಸಿದಂತೆ ಕಾಣುತ್ತದೆ. ಮಾವನ ಮೊಮ್ಮಗಳು ಸಾಲಿ ಪಾಟಿಚೀಲದಿಂದ ಸುಣ್ಣದ ತುಂಡು ಕೊಟ್ಟಳು. ಎಳೆದು, ಒರೆಸಿ, ಮತ್ತೆ ಸುಣ್ಣ ಹಚ್ಚಿ ಇಳಿಸಿ, ಗೆರೆ ಅದೇ ಜಾಗದಲ್ಲಿ ಬರುವವರೆಗೆ ನೋಡಿದೆವು. ಆಮೇಲೆ ಉಳಿದ ಲೀಟರ್ ಹಾಕಿ ಮೇಲಿನ ಗೆರೆ. ಎರಡು ಗೆರೆಗಳ ನಡುವೆ ಈಗ ಇರುವುದು ಸರಿಯಾಗಿ ಒಂದು ಲೀಟರ್.

ಹಳದಿ ಹಿಡಿಕೆಯ ಕಡ್ಡಿಯನ್ನು ಪಕ್ಕದಲ್ಲಿಟ್ಟು, ಕುತ್ತಿಗೆಗೆ ಕುತ್ತಿಗೆ ಹೊಂದಿಸಿ ತೋರಿಸಿದೆ. ಅದರ ಮೇಲಿನ ಗುರುತು ನಮ್ಮದಕ್ಕಿಂತ ಒಂದೂವರೆ ಬೆರಳಿನಷ್ಟು ಎತ್ತರದಲ್ಲಿತ್ತು. ಒಂದೂವರೆ ಬೆರಳು ಎಂದರೆ ಸಣ್ಣದು ಅನ್ನಿಸುತ್ತದೆ. ಚೇಂಬರಿನ ಅಗಲದಲ್ಲಿ ಅದು ಲೀಟರಿಗೂ ಮಿಕ್ಕಿದ ಎಣ್ಣೆ.

ಗುರುತು ಕೊರೆಯುವುದಕ್ಕೂ ಒಂದು ರೀತಿ ಇದೆ. ಅರದಿಂದ ಅಂಚಿನಲ್ಲಿ ಕಚ್ಚು ಹಾಕುವವರಿದ್ದಾರೆ. ಅದು ಬೇಡ. ಪಟ್ಟಿ ಸ್ಪ್ರಿಂಗ್ ಉಕ್ಕಿನದು, ಓರೆ ನಳಿಗೆಯಲ್ಲಿ ಪ್ರತಿ ಸಲ ಬಾಗಿ ಇಳಿಯುತ್ತದೆ. ಕಚ್ಚಿದ್ದಲ್ಲಿ ಒಂದು ದಿನ ಮುರಿದು ತುದಿ ಚೇಂಬರಿಗೆ ಬೀಳುತ್ತದೆ. ಮುಖದ ಮೇಲೆ ತೆಳುವಾಗಿ ಗೀರಿದರೆ ಸಾಕು. ಉದ್ದ ಸಾಲದ ಕಡ್ಡಿಗೆ ತುದಿಯಲ್ಲಿ ತುಂಡು ಬೆಸೆಯುವುದೂ ಅಪಾಯವೇ. ಬೆಸುಗೆಯ ಬಿಸಿಗೆ ಉಕ್ಕು ತನ್ನ ಸ್ಪ್ರಿಂಗು ಗುಣ ಕಳೆದುಕೊಳ್ಳುತ್ತದೆ. ಉದ್ದ ಹೆಚ್ಚಿದ್ದರೆ ತುದಿ ಕತ್ತರಿಸಬಹುದು, ಮೇಲಿನ ತಡೆಯ ಬಳೆಯನ್ನು ಸರಿಸಿ ಮತ್ತೆ ಬಿಗಿ ಮಾಡಬಹುದು. ಅಂದರೆ ಹುಡುಕುವಾಗ ಯಾವಾಗಲೂ ಉದ್ದನೆಯದನ್ನೇ ಆರಿಸಬೇಕು. ತಡೆಯ ಕೆಳಗೆ ನಳಿಗೆಯ ಬಾಯಿ ಬಿಗಿಯಾಗಿ ಮುಚ್ಚುತ್ತದೆಯೇ ಎಂಬುದನ್ನೂ ನೋಡಬೇಕು. ನಮ್ಮ ಎರೆ ನೆಲದ ಬೇಸಿಗೆ ಧೂಳಿಗೆ ಇಂಜಿನ್ನಿನ ಒಳದಾರಿ ತೆರೆದಿಟ್ಟರೆ ಬೇರಿಂಗಿಗೆ ಅರ ಹಾಕಿದಂತೆಯೇ.

ಎಣ್ಣೆ ಕಡಿಮೆ ತೋರಬೇಕಾದಲ್ಲಿ ಹೆಚ್ಚು ತೋರಿಸುವ ಕಡ್ಡಿಯೂ ಇರುತ್ತದೆ. ಅದು ಇನ್ನೂ ಕ್ರೂರಿ. ಕಪ್ಪತಗುಡ್ಡದ ಏರು ಹತ್ತುವಾಗ ಚೇಂಬರಿನ ಎಣ್ಣೆ ಹಿಂದಕ್ಕೆ ಸರಿಯುತ್ತದೆ, ಪಂಪಿನ ಬಾಯಿ ಬರಿದಾಗುತ್ತದೆ, ಬಿಗ್ ಎಂಡ್ ಬೇರಿಂಗ್ ಕಟಕಟ ಎನ್ನತೊಡಗಿದ ಮೇಲೆ ಮಾಡುವುದಕ್ಕೇನೂ ಉಳಿಯುವುದಿಲ್ಲ. ಗುಡ್ಡದ ಆಚೆ ಈಚೆ ಓಡಾಡುವ ಹಳೆಯ ಜೀಪುಗಳಿಗೆ ಇದು ಆಗದಿರಲಿ ಎಂದು ನಾನು ಕಂಡವರಿಗೆಲ್ಲ ಹೇಳುತ್ತೇನೆ.

ಜೀಪಿನ ಮಾತು ಬಂತು. ನಮ್ಮ ಭಾಗದಲ್ಲಿ ಸರಕಾರಿ ಇಲಾಖೆಗಳ ಹರಾಜಿನಲ್ಲಿ ಕೊಂಡ ಮಹೀಂದ್ರಾ ಜೀಪುಗಳು ಈಗಲೂ ಹೊಲದ ದಾರಿಯಲ್ಲಿವೆ. ವಿಲ್ಲಿಸ್ ವಂಶದ ಪೆಟ್ರೋಲ್ ಜೀಪಿನಲ್ಲಿ ಕಡ್ಡಿಯೇ ಬೇರೆ ಇರುವುದಿಲ್ಲ. ಎಣ್ಣೆ ಸುರಿಯುವ ದಪ್ಪ ನಳಿಗೆಯ ಮುಚ್ಚಳಕ್ಕೇ ಅದು ಅಂಟಿಕೊಂಡಿರುತ್ತದೆ. ಮುಚ್ಚಳ ಕಳೆದು ಬೇರೆ ಯಾವುದೋ ಡಬ್ಬಿಯ ಮುಚ್ಚಳ ಹಾಕಿದ ದಿನದಿಂದ ಆ ಜೀಪಿಗೆ ಅಳತೆಯೇ ಇಲ್ಲ. ಜೊತೆಗೆ ಅದರ ಪುಸ್ತಕದಲ್ಲಿ ಲೆಕ್ಕ ಕ್ವಾರ್ಟಿನಲ್ಲಿದೆ, ಅದು ಅಮೆರಿಕದ ಕ್ವಾರ್ಟ್. ಅವರದು 946 ಮಿಲಿಲೀಟರ್, ಇಂಗ್ಲೆಂಡಿನದು 1137. ನಾಲ್ಕು ಕ್ವಾರ್ಟ್ ಎಂದು ಓದಿ ಇಂಗ್ಲೆಂಡಿನ ಲೆಕ್ಕದಲ್ಲಿ ಹಾಕಿದರೆ ಮುಕ್ಕಾಲು ಲೀಟರ್ ಹೆಚ್ಚು ಬೀಳುತ್ತದೆ. ಡೀಸೆಲ್ ಜೀಪುಗಳಲ್ಲಿ ಇಂಟರ್‌ನ್ಯಾಶನಲ್ ಟ್ರ್ಯಾಕ್ಟರಿನ ಇಂಜಿನ್ ಇದ್ದವೂ ಇವೆ, ಫ್ರಾನ್ಸಿನ ಪ್ಯೂಜೋ ಇಂಜಿನ್ ಇದ್ದವೂ ಇವೆ. ಜೀಪು ನೋಡಿ ಕಡ್ಡಿ ಹುಡುಕಬಾರದು, ಬ್ಲಾಕಿನ ನಂಬರ್ ನೋಡಿ ಹುಡುಕಬೇಕು. ಪ್ರೀಮಿಯರ್ ಪದ್ಮಿನಿಯದು ಇಷ್ಟು ತ್ರಾಸಿಲ್ಲ. ಫಿಯಟ್ 1100ರಿಂದ ಬಂದ 1089 ಸಿಸಿಯ ಒಂದೇ ಪೆಟ್ರೋಲ್ ಇಂಜಿನ್ ಬಹುಕಾಲ ಓಡಿತು.

ನಮ್ಮ ಹಿರಿಯರು ಈ ಕಡ್ಡಿಯನ್ನು ಮೊದಲು ಕಲಿತದ್ದು ಕಾರಿನಲ್ಲಿ ಅಲ್ಲ, ಬಾವಿಯ ದಂಡೆಯ ಮೇಲೆ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಸೈಕಲ್ ಅಂಗಡಿಯಿಂದ ಶುರುಮಾಡಿ ಕಬ್ಬಿಣದ ನೇಗಿಲಿಗೆ ಬಂದರು. ಅವರ ಮನೆತನದ ಆಯಿಲ್ ಇಂಜಿನ್ ಕಂಪನಿ 1946ರಲ್ಲಿ ಪುಣೆಯಲ್ಲಿ ಹುಟ್ಟಿತು. ಹೊಲಕ್ಕೆ ಕರೆಂಟ್ ಬರುವ ಮುಂಚೆ ಆ ಇಂಜಿನ್ನುಗಳೇ ನೀರೆತ್ತಿದವು. ಅಜ್ಜ ಬೆಳಿಗ್ಗೆ ಹ್ಯಾಂಡಲ್ ಹೊಡೆಯುವ ಮುಂಚೆ ಕಡ್ಡಿ ಎಳೆದು, ಧೋತರದ ಸೆರಗಿಗೆ ಒರೆಸಿ, ನೋಡಿಯೇ ಚಾಲೂ ಮಾಡುತ್ತಿದ್ದ ಎಂದು ಮಾವ ಹೇಳುತ್ತಾನೆ. ಸಿಮೆಂಟಿನ ಕಟ್ಟೆಯ ಮೇಲೆ ಅಲುಗಾಡದೆ ಕೂತ ಇಂಜಿನ್, ಅದರದೇ ಕಡ್ಡಿ, ಬದಲಾಗುವ ಪ್ರಸಂಗವೇ ಇಲ್ಲ. ಆ ನಂಬಿಕೆಯನ್ನೇ ಅವರು ಕಾರಿಗೂ ತಂದರು. ಅವರ ನಂಬಿಕೆಯಲ್ಲಿ ದೋಷವಿರಲಿಲ್ಲ, ಕಡ್ಡಿಯೇ ಬದಲಾಗಿತ್ತು. ಈಗ ಜರ್ಮನಿಯ ಕೆಲವು ಹೊಸ ಕಾರುಗಳಲ್ಲಿ ಕಡ್ಡಿಯನ್ನೇ ತೆಗೆದು ಪರದೆಯ ಮೇಲೆ ಮಟ್ಟ ತೋರಿಸುತ್ತಾರೆ. ನನಗೆ ಅದು ಸೇರುವುದಿಲ್ಲ. ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ತಿಕ್ಕಿದರೆ ಅದರಲ್ಲಿ ಕಸವಿದೆಯೋ, ಪೆಟ್ರೋಲ್ ಸೇರಿ ತೆಳುವಾಗಿದೆಯೋ, ನೀರು ಬೆರೆತು ಬೆಳ್ಳಗಾಗಿದೆಯೋ ತಿಳಿಯುತ್ತದೆ. ಪರದೆ ನೋಡಿ ಅದನ್ನು ತಿಳಿಯಲಾಗದು.

ಮಾವನ ಗಾಡಿ ಆಮೇಲೆ ದೀಪಾವಳಿಗೆ ಲಕ್ಷ್ಮೇಶ್ವರಕ್ಕೆ ಹೋಗಿಬಂತು, ಡಂಬಳದ ಸಂತೆಗೆ ಹೋಗಿಬಂತು. ನೀಲಿ ಹೊಗೆ ನಿಂತಿತು. ಕ್ಲಚ್ಚಿನ ಕೆಳಗೆ ಒಂದೆರಡು ತೊಟ್ಟು ಈಗಲೂ ಬೀಳುತ್ತವೆ. ಈ ಇಂಜಿನ್ ಹುಟ್ಟಿದಾಗಿನಿಂದಲೂ ಅಷ್ಟು ಬೀಳಿಸುತ್ತದೆ, ಅದಕ್ಕೆ ಚಿಂತೆ ಬೇಡ ಎಂದಿದ್ದೇನೆ. ಎಣ್ಣೆ ಎಷ್ಟು ಇಳಿಯಿತು ಎಂಬುದನ್ನು ಮಾವ ಈಗ ಬಾಯಿಗೆ ಬಂದಂತೆ ಹೇಳುವುದಿಲ್ಲ. ಎರಡು ಗೆರೆಯ ನಡುವಿನ ಲೀಟರಿನಲ್ಲಿ ಎಷ್ಟು ಭಾಗ ಕಡಿಮೆಯಾಯಿತು, ಅಷ್ಟರಲ್ಲಿ ಎಷ್ಟು ಕಿಲೋಮೀಟರ್ ಓಡಿತು ಎಂದು ಪಂಚಾಂಗದ ಹಿಂದಿನ ಪುಟದಲ್ಲಿ ಬರೆಯುತ್ತಾನೆ. ಗ್ಯಾರೇಜಿನ ಆ ಚೀಟಿ ಏನಾಯಿತೋ ನಾನು ಕೇಳಿಲ್ಲ. ರೊಕ್ಕ ಹೊಲದ ಹನಿ ನೀರಾವರಿ ಪೈಪಿಗೆ ಹೋಯಿತಂತೆ.

ಮೊನ್ನೆ ಫೋನ್ ಬಂದಿತ್ತು. "ತಮ್ಮಾ, ನಮ್ಮ ಬೀಗರ ಜೀಪಿಗೂ ಮುಚ್ಚಳ ಇಲ್ಲಂತ. ಕಡ್ಡಿ ಹುಡುಕಿ ಕೊಡ್ತೀಯೇನು?" ಎಂದ. ಕೊಡುತ್ತೇನೆ, ಆದರೆ ಮೊದಲು ಬ್ಲಾಕಿನ ಮೇಲಿನ ನಂಬರ್ ಬರೆದು ಕಳಿಸಲಿ, ನಳಿಗೆಯ ಬಾಯಿಂದ ಚೇಂಬರಿನ ತಳದವರೆಗೆ ತಂತಿ ಬಿಟ್ಟು ಅಳೆಯಲಿ, ಅಲ್ಲಿಯವರೆಗೆ ಗಾಡಿ ಗುಡ್ಡ ಹತ್ತಿಸಬಾರದು ಎಂದೆ. "ನಂಬರ ಎಲ್ಲಿರ್ತೈತಿ?" ಎಂದು ಅವನು ಕೇಳಿದ. ನೀರಿನ ಪಂಪಿನ ಹತ್ತಿರ, ಬ್ಲಾಕಿನ ಮುಂದಿನ ಭಾಗದಲ್ಲಿ ಹುಡುಕಬೇಕು, ಮಣ್ಣು ಮೆತ್ತಿರುತ್ತದೆ, ಸೀಮೆಎಣ್ಣೆ ಹಚ್ಚಿ ಬ್ರಷ್‌ನಿಂದ ತಿಕ್ಕಲು ಹೇಳು ಎಂದೆ.